ಮೊದಲು ಬರ, ಆಮೇಲೆ ನೆರೆ: ದಿನ ತುಂಬದ ಮಗುವಿನ ಕಣ್ಣಿನಲ್ಲಿ ರಕ್ತನಾಳ ಬೆಳೆದ ಬಗೆ

ಹೆಣ್ಣು ಮಗು. 28 ವಾರ 4 ದಿನಕ್ಕೆ ಹೆರಿಗೆ, ಹುಟ್ಟುತೂಕ 1040 ಗ್ರಾಂ. ಹುಟ್ಟಿದ ಕೂಡಲೇ ಅತ್ತಿತು. ಆದರೆ ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಮೂಗಿಗೆ ಸಿಪ್ಯಾಪ್ (ಶ್ವಾಸಕೋಶ ಮುಚ್ಚಿಕೊಳ್ಳದಂತೆ ಒತ್ತಡದಲ್ಲಿ ಗಾಳಿ ಕೊಡುವ ಸಾಧನ) ಕೂರಿಸಿ ಜಿಲ್ಲಾ ಮಟ್ಟದ ನವಜಾತ ಶಿಶು ಘಟಕಕ್ಕೆ ಸೇರಿಸಲಾಯಿತು. ಶ್ವಾಸಕೋಶ ಗೆದ್ದಿತು. ಏಳನೇ ವಾರದ ಹೊತ್ತಿಗೆ ಅಪಾಯಕ್ಕೆ ಸಿಕ್ಕಿದ್ದು ಕಣ್ಣು. ದಿನ ತುಂಬದ ಮಕ್ಕಳ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರದಲ್ಲಿ, ರಕ್ತನಾಳ ದಾರಿ ತಪ್ಪಿ ಬೆಳೆಯುವ ಈ ಕಾಯಿಲೆಯ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಚಿಕ್ಕದಾಗಿ ರಾಪ್.

ಇದು ಯಾವುದೋ ಒಂದು ಮಗುವಿನ ಕಡತದ ಪ್ರತಿಯಲ್ಲ. ಇಂಥ ಘಟಕಗಳಲ್ಲಿ ಮತ್ತೆ ಮತ್ತೆ ಕಾಣುವ ಹಾದಿಯನ್ನು ಒಂದೇ ಮಗುವಿನ ಮೇಲಿಟ್ಟು ಬರೆದ ಮಾದರಿ ಪ್ರಕರಣ. ಇದನ್ನೇ ಆರಿಸಲು ಕಾರಣವಿದೆ. ದೇಹದ ರಾಸಾಯನಿಕ ಸಂಕೇತಗಳು ಹೊಸ ರಕ್ತನಾಳವನ್ನು ಹೇಗೆ ಬೆಳೆಸುತ್ತವೆ, ಹೇಗೆ ನಿಲ್ಲಿಸುತ್ತವೆ, ಹೇಗೆ ದಾರಿ ತಪ್ಪಿಸುತ್ತವೆ ಎಂಬ ಮೂರನ್ನೂ ಕೆಲವೇ ವಾರಗಳಲ್ಲಿ ಕಣ್ಣಾರೆ ನೋಡಲು ಸಿಗುವುದು ಮಗುವಿನ ರೆಟಿನಾದಲ್ಲಿ ಮಾತ್ರ. ಚರ್ಮ ಕೊಯ್ಯಬೇಕಿಲ್ಲ, ಬಣ್ಣದ ದ್ರವ ಏರಿಸಬೇಕಿಲ್ಲ. ಪಾಪೆ ಅರಳಿಸಿ ಬೆಳಕು ಬಿಟ್ಟರೆ ನಾಳಗಳ ಗಡಿ ಎದುರಿಗಿರುತ್ತದೆ.

ಹುಟ್ಟುವ ಮೊದಲು ನಡೆಯುತ್ತಿದ್ದ ಕೆಲಸ

ಗರ್ಭದಲ್ಲಿ ಸುಮಾರು 14–16 ವಾರ ಆಗುವ ತನಕ ರೆಟಿನಾದಲ್ಲಿ ರಕ್ತನಾಳವೇ ಇರುವುದಿಲ್ಲ. ಆಮೇಲೆ ನೇತ್ರನರದ ಬುಡದಿಂದ ಹೊರಟ ನಾಳಗಳು ಅಂಚಿನ ಕಡೆಗೆ ಹಬ್ಬುತ್ತಾ ಹೋಗುತ್ತವೆ. ಮೂಗಿನ ಬದಿಯ ಅಂಚನ್ನು ಮುಟ್ಟುವುದು ಸುಮಾರು 36ನೇ ವಾರಕ್ಕೆ, ಕಿವಿಯ ಬದಿಯ ಅಂಚನ್ನು ಮುಟ್ಟುವುದು 40ರ ಆಸುಪಾಸಿಗೆ. ನಮ್ಮ ಮಗು ಹುಟ್ಟಿದಾಗ ಈ ಕೆಲಸ ಅರ್ಧ ದಾರಿಯಲ್ಲಿತ್ತು.

ನಾಳಗಳಿಗೆ ದಾರಿ ತೋರುವುದು ಆಮ್ಲಜನಕದ ಕೊರತೆ. ಭ್ರೂಣದ ರಕ್ತದಲ್ಲಿ ಆಮ್ಲಜನಕದ ಒತ್ತಡ 30 ಮಿಮೀ ಪಾದರಸದ ಆಜುಬಾಜು, ದೊಡ್ಡವರದ್ದರ ಮೂರನೇ ಒಂದು ಭಾಗ. ನಾಳ ಇನ್ನೂ ತಲುಪದ ಜಾಗದ ಜೀವಕೋಶಗಳು ಬೆಳೆಯುತ್ತಾ ಹೋದಂತೆ ಇರುವಷ್ಟು ಆಮ್ಲಜನಕ ಅವಕ್ಕೆ ಸಾಲದಾಗುತ್ತದೆ. ಆ ಜೀವಕೋಶಗಳಲ್ಲಿ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ಸದಾ ತಯಾರಾಗುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಆಮ್ಲಜನಕವನ್ನೇ ಬಳಸಿ ಅದಕ್ಕೆ ಗುರುತು ಹಾಕುತ್ತದೆ. ಗುರುತು ಬಿದ್ದ ಪ್ರೋಟೀನನ್ನು ಕೋಶ ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆಮ್ಲಜನಕ ಇಳಿದರೆ ಗುರುತು ಬೀಳುವುದಿಲ್ಲ. ಪ್ರೋಟೀನ್ ಉಳಿದು, ಕೋಶಕೇಂದ್ರಕ್ಕೆ ಹೋಗಿ, ವಿಇಜಿಎಫ್ ಎಂಬ ಸಂಕೇತದ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಜೀವಕೋಶ ಆಮ್ಲಜನಕವನ್ನು ಅರಿಯುವ ಈ ಬಗೆಯನ್ನು ಬಿಡಿಸಿಟ್ಟದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ವಿಇಜಿಎಫ್ ಹೊರಬಿದ್ದ ಮೇಲೆ ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಅದರ ಒಂದು ಭಾಗ ಕೋಶಗಳ ಸುತ್ತಲಿನ ಸಕ್ಕರೆ ಸರಪಳಿಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಹುಟ್ಟಿದಲ್ಲಿ ದಟ್ಟ, ದೂರ ಹೋದಷ್ಟೂ ತೆಳು. ನಾಳದ ತುದಿಯಲ್ಲಿರುವ ಕೋಶ ಕೂದಲೆಳೆಯಂಥ ಕೈಗಳನ್ನು ಚಾಚಿ ಈ ದಟ್ಟಣೆಯನ್ನು ತಡಕುತ್ತಾ ಮುಂದೆ ಸಾಗುತ್ತದೆ. ‘ನಾನು ತುದಿಯಲ್ಲಿದ್ದೇನೆ, ನೀವು ಹಿಂದೆ ಬನ್ನಿ’ ಎಂಬುದನ್ನು ಪಕ್ಕದ ಕೋಶಗಳಿಗೆ ತಿಳಿಸಲು ಅದರ ಮೈಮೇಲೆ ಡಿಎಲ್‌ಎಲ್-4 ಎಂಬ ಇನ್ನೊಂದು ಪ್ರೋಟೀನ್ ಏಳುತ್ತದೆ. ಅದು ಪಕ್ಕದ ಕೋಶದ ನಾಚ್ ಎಂಬ ಗ್ರಾಹಿಯನ್ನು ತಟ್ಟಿದಾಗ ಆ ಕೋಶ ಕೈ ಚಾಚುವುದನ್ನು ಬಿಟ್ಟು, ವಿಭಜನೆಯಾಗಿ ಕೊಳವೆಯ ಗೋಡೆ ಕಟ್ಟುತ್ತದೆ. ಎಲ್ಲ ಕೋಶಗಳೂ ತುದಿಯಾಗಲು ಹೊರಟರೆ ಹುಟ್ಟುವುದು ಪೊದೆ, ನಾಳವಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಏಳನೇ ವಾರದಲ್ಲಿ ಆದದ್ದು ಹೆಚ್ಚೂಕಡಿಮೆ ಅದೇ.

ಮೊದಲ ಐದು ದಿನ

ಘಟಕದಲ್ಲಿ ಸಿಪ್ಯಾಪ್ ಇತ್ತು, ಆದರೆ ಗಾಳಿ ಮತ್ತು ಆಮ್ಲಜನಕ ಬೆರೆಸುವ ಬ್ಲೆಂಡರ್ ಇರಲಿಲ್ಲ. ಗೋಡೆಯ ಆಮ್ಲಜನಕದ ಕೊಳವೆಯನ್ನು ನೇರ ಜೋಡಿಸಲಾಗಿತ್ತು. ಅಂದರೆ ಮಗುವಿನ ಮೂಗಿಗೆ ಹೋಗುತ್ತಿದ್ದದ್ದು ಹೆಚ್ಚುಕಡಿಮೆ 100% ಆಮ್ಲಜನಕ. ನಾಲ್ಕು ದಿನಗಳ ಚಾರ್ಟ್‌ನಲ್ಲಿ ಸ್ಯಾಚುರೇಶನ್ (ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಮ್ಲಜನಕ ಹೊತ್ತಿದೆ ಎಂದು ಮೀಟರ್ ತೋರುವ ಅಂಕಿ) 98, 99, 100 ಎಂದೇ ಬರೆದಿದೆ. ಬರೆದವರಿಗೆ ಅದು ನೆಮ್ಮದಿಯ ಅಂಕಿಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಆದರೆ ಆಮ್ಲಜನಕ ಪಡೆಯುತ್ತಿರುವ ದಿನ ತುಂಬದ ಮಗುವಿನಲ್ಲಿ 100 ಎಂದರೆ ‘ಎಷ್ಟು ಹೆಚ್ಚಾಗಿದೆಯೋ ಗೊತ್ತಿಲ್ಲ’ ಎಂದೇ ಅರ್ಥ. ಆ ಹಂತದಲ್ಲಿ ರಕ್ತದ ಆಮ್ಲಜನಕದ ಒತ್ತಡ 100 ಇದ್ದರೂ 300 ಇದ್ದರೂ ಮೀಟರ್ ತೋರಿಸುವುದು ಅದೇ 100.

ಗರ್ಭದಲ್ಲಿ 30ರಲ್ಲಿ ಬೆಳೆಯುತ್ತಿದ್ದ ರೆಟಿನಾಗೆ ಇದು ಕಾಲವಲ್ಲದ ಕಾಲದಲ್ಲಿ ಬಂದ ಸಮೃದ್ಧಿ. ಎಚ್‌ಐಎಫ್ ಒಡೆದುಹೋಯಿತು, ವಿಇಜಿಎಫ್ ಇಳಿಯಿತು. ಮುಂದೆ ಸಾಗುತ್ತಿದ್ದ ನಾಳ ನಿಂತಿತು. ಹೊಸದಾಗಿ ಹುಟ್ಟಿದ ಎಳೆಯ ನಾಳಗಳಿಗೆ ಬದುಕಿರಲೂ ವಿಇಜಿಎಫ್ ಬೇಕು. ಹೊರಗೋಡೆಗೆ ಆಸರೆ ಕೋಶಗಳು ಇನ್ನೂ ಕೂಡಿಕೊಂಡಿರದ ಕಾರಣ, ಸಂಕೇತ ಬತ್ತಿದ ಕೂಡಲೇ ಅವು ಮುದುಡಿ ಸಾಯುತ್ತವೆ. ಹೀಗೆ ಗಡಿ ನಿಂತಿದ್ದಷ್ಟೇ ಅಲ್ಲ, ಒಂದಿಷ್ಟು ಹಿಂದಕ್ಕೂ ಸರಿಯಿತು.

ಆಮ್ಲಜನಕವನ್ನು ದೂರಿ ಕೈತೊಳೆದುಕೊಳ್ಳಲು ಬರುವುದಿಲ್ಲ, ಅದರ ಇತಿಹಾಸವೇ ನೋವಿನದ್ದು. 1942ರಲ್ಲಿ ಬಾಸ್ಟನ್ನಿನ ಥಿಯೊಡೊರ್ ಟೆರಿ ಈ ಕುರುಡನ್ನು ಮೊದಲು ವರದಿ ಮಾಡಿದರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಕಡೆ ಬೊಟ್ಟು ಮಾಡಿದರು. ಅಮೆರಿಕದ 18 ಆಸ್ಪತ್ರೆಗಳು ಸೇರಿ 1953ರಲ್ಲಿ ಶುರುಮಾಡಿದ ಪರೀಕ್ಷೆ ಅದನ್ನು ಖಚಿತಪಡಿಸಿತು. ಆಮೇಲೆ ಎಲ್ಲೆಡೆ ಆಮ್ಲಜನಕವನ್ನು ಬಿಗಿಹಿಡಿದರು. ಕುರುಡು ಇಳಿಯಿತು, ಉಸಿರು ಸಾಲದೆ ಸತ್ತ ಮಕ್ಕಳ ಸಂಖ್ಯೆ ಏರಿತು. ಅದೇ ಎಳೆದಾಟ 2010ರ ಸಪೋರ್ಟ್ ಅಧ್ಯಯನದಲ್ಲಿ ಅಂಕಿಯಾಗಿ ಕಾಣುತ್ತದೆ. ಸ್ಯಾಚುರೇಶನ್ ಗುರಿ 85–89 ಇಟ್ಟ ಗುಂಪಿನಲ್ಲಿ ತೀವ್ರ ಕಣ್ಣಿನ ಕಾಯಿಲೆ 8.6%, ಸಾವು 19.9%. ಗುರಿ 91–95 ಇಟ್ಟವರಲ್ಲಿ ಕಾಯಿಲೆ 17.9%, ಸಾವು 16.2%. ಆದ್ದರಿಂದ ಈಗ ಹೆಚ್ಚಿನ ಘಟಕಗಳು ಹಿಡಿಯುವ ದಾರಿ 90–95. ಕಣ್ಣು ಉಳಿಸಲು ಹೋಗಿ ಜೀವ ಕಳೆಯುವಂತಿಲ್ಲ.

ಐದನೇ ದಿನ ಸಂಕುಚಿತ ಗಾಳಿಯ ಕೊಳವೆ ಸಿಕ್ಕಿತು. ಬ್ಲೆಂಡರ್ ಇಲ್ಲದಿದ್ದರೂ ಎರಡು ಫ್ಲೋಮೀಟರ್ ಮತ್ತು ಒಂದು ವೈ-ಜೋಡಣೆ ಇದ್ದರೆ ಲೆಕ್ಕ ಕೈಯಲ್ಲೇ ಆಗುತ್ತದೆ: ಗಾಳಿಯ ಲೀಟರನ್ನು 0.21ರಿಂದ ಗುಣಿಸಿ, ಆಮ್ಲಜನಕದ ಲೀಟರ್ ಕೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಿ. 6 ಲೀಟರ್ ಗಾಳಿಗೆ 2 ಲೀಟರ್ ಆಮ್ಲಜನಕ ಸೇರಿಸಿದರೆ 3.26 ಭಾಗ 8, ಅಂದರೆ ಸುಮಾರು 41%. 7 ಮತ್ತು 1 ಆದರೆ ಸುಮಾರು 31%. ಈ ಎರಡು ಸಾಲನ್ನು ಬರೆದು ಹಾಸಿಗೆಯ ತಲೆಯ ಬಳಿ ಅಂಟಿಸಿದರೆ ರಾತ್ರಿ ಪಾಳಿಯ ನರ್ಸ್ ಯಾರನ್ನೂ ಕೇಳಬೇಕಾಗಿಲ್ಲ. ಮೀಟರಿನ ಪಟ್ಟಿ ಬಲಗೈಗೆ. ಅಲಾರಂ ಕೆಳಗೆ 89, ಮೇಲೆ 96. ಮೇಲಿನ ಅಲಾರಂ ಮತ್ತೆ ಮತ್ತೆ ಕೂಗುತ್ತದೆಂದು 100ಕ್ಕೆ ಏರಿಸಿಬಿಡುವುದೇ ಹೆಚ್ಚು ಕಡೆ ಆಗುವ ತಪ್ಪು.

ತೂಕದ ಗೆರೆ ಹೇಳಿದ್ದು

ಹತ್ತನೇ ದಿನ ತೂಕ 940 ಗ್ರಾಂ. ಹನ್ನೆರಡನೇ ದಿನ ನಂಜು, ಆ್ಯಂಟಿಬಯೊಟಿಕ್. ಹದಿನಾಲ್ಕಕ್ಕೆ ಕೆಜಿಗೆ 15 ಮಿಲಿಯಂತೆ ಕೆಂಪು ರಕ್ತಕಣ ಕೊಟ್ಟರು. ಹಾಲು ಎರಡು ಸಲ ನಿಂತಿತು. ಇಪ್ಪತ್ತೆಂಟಕ್ಕೆ ತೂಕ 1150. ಹದಿನೆಂಟು ದಿನದಲ್ಲಿ 210 ಗ್ರಾಂ ಎಂದರೆ ದಿನಕ್ಕೆ ಕೆಜಿಗೆ ಸುಮಾರು 11 ಗ್ರಾಂ, ಬೇಕಿದ್ದದ್ದು 15ರಷ್ಟು.

ಕಣ್ಣಿನ ಕಥೆಯಲ್ಲಿ ತೂಕ ಯಾಕೆ? ವಿಇಜಿಎಫ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಾಳದ ಕೋಶ ಅದರ ಮಾತಿಗೆ ಪೂರ್ತಿ ಓಗೊಡಬೇಕಾದರೆ ಐಜಿಎಫ್-1 ಎಂಬ ಬೆಳವಣಿಗೆಯ ಸಂಕೇತ ಒಂದು ಮಟ್ಟಕ್ಕಾದರೂ ಇರಬೇಕು. ಗರ್ಭದಲ್ಲಿ ಮಾಸು ಮತ್ತು ತಾಯಿಯ ಪೋಷಣೆ ಅದನ್ನು ಎತ್ತಿಹಿಡಿದಿರುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಅದು ಕುಸಿಯುತ್ತದೆ. ಎಳೆಯ ಯಕೃತ್ತು ಅದನ್ನು ಮತ್ತೆ ತಯಾರಿಸಲು ಹೊಟ್ಟೆಗೆ ಹಾಲು ಸೇರಬೇಕು, ನಂಜು ತಗ್ಗಬೇಕು. ಸ್ವೀಡನ್ನಿನ ಆನ್ ಹೆಲ್‌ಸ್ಟ್ರಾಮ್ ಮತ್ತು ಬಾಸ್ಟನ್ನಿನ ಲೋಯಿಸ್ ಸ್ಮಿತ್ ತಂಡಗಳ ಕೆಲಸ ತೋರಿಸಿದ್ದು ಇದನ್ನೇ: ಐಜಿಎಫ್-1 ಹೆಚ್ಚು ದಿನ ಕೆಳಗೆ ಬಿದ್ದಿದ್ದಷ್ಟೂ ಕಣ್ಣಿನ ಕಾಯಿಲೆ ತೀವ್ರ. ಜಿಲ್ಲಾ ಘಟಕದಲ್ಲಿ ಐಜಿಎಫ್-1 ಅಳೆಯಲು ಆಗದು. ತೂಕ ಅಳೆಯಲು ಆಗುತ್ತದೆ. ದಿನವೂ ಒಂದೇ ಹೊತ್ತು, ಒಂದೇ ತಕ್ಕಡಿ, ಮೈಮೇಲೆ ಡೈಪರ್ ಇಲ್ಲದೆ. ಒಳಲೆಯಲ್ಲಿ ಎಷ್ಟು ಮಿಲಿ ತಾಯಿಹಾಲು ಇಳಿಯಿತು ಎಂಬ ಲೆಕ್ಕವೂ ಕಣ್ಣಿನ ಚಿಕಿತ್ಸೆಯ ಒಂದು ಭಾಗವೇ.

ರಕ್ತ ಕೊಟ್ಟದ್ದಕ್ಕೂ ಇಲ್ಲಿ ಪಾತ್ರವಿದೆ. ಭ್ರೂಣದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದೊಡ್ಡವರದ್ದು ಸಡಿಲಾಗಿ ಬಿಟ್ಟುಕೊಡುತ್ತದೆ. ರಕ್ತ ಏರಿಸಿದ ಮೇಲೆ ಅದೇ ಸ್ಯಾಚುರೇಶನ್‌ನಲ್ಲಿ ರೆಟಿನಾಗೆ ಸಿಗುವ ಆಮ್ಲಜನಕ ಹೆಚ್ಚು.

ಗಡಿಯನ್ನು ನೋಡುವ ಬಗೆ

ನಮ್ಮ ದೇಶದಲ್ಲಿ 2000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಮಕ್ಕಳನ್ನು ಹುಟ್ಟಿದ 30 ದಿನದೊಳಗೆ, 28 ವಾರಕ್ಕೂ ಮೊದಲು ಅಥವಾ 1200 ಗ್ರಾಂಗೂ ಕಡಿಮೆ ಇದ್ದವರನ್ನು ಎರಡು-ಮೂರು ವಾರಕ್ಕೇ ನೋಡಬೇಕು. ಶ್ರೀಮಂತ ದೇಶಗಳ ಮಿತಿಗಿಂತ ಇದು ಅಗಲ. ಬೆರೆಸದ ಆಮ್ಲಜನಕದಿಂದಾಗಿ ಇಲ್ಲಿ 1500 ಗ್ರಾಂ ದಾಟಿದ ಮಕ್ಕಳೂ ದೃಷ್ಟಿ ಕಳೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೆ ಹೋಗುತ್ತಾರೆ, ಚಿತ್ರವನ್ನು ದೂರದಲ್ಲಿರುವ ತಜ್ಞರು ಓದುತ್ತಾರೆ. ರೆಟಿನಾ ತಜ್ಞರು ಇಲ್ಲದ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ನೋಡುವ ಮೊದಲು ಒಂದು ಗಂಟೆ ಹಾಲು ಕೊಡಬಾರದು; ವಾಂತಿ ಶ್ವಾಸಕ್ಕೆ ಹೋದೀತು. ಪಾಪೆ ಅರಳಿಸಲು ಟ್ರೊಪಿಕಮೈಡ್ 0.5% ಮತ್ತು ಫಿನೈಲೆಫ್ರಿನ್ 2.5%, ಹತ್ತು-ಹದಿನೈದು ನಿಮಿಷಕ್ಕೊಂದು ಹನಿಯಂತೆ ಎರಡು-ಮೂರು ಸಲ. ದೊಡ್ಡವರ ಹನಿ ಇದಕ್ಕಿಂತ ಗಟ್ಟಿ ಇರುತ್ತದೆ, ತೆಳು ಮಾಡದೆ ಹಾಕಬಾರದು. ಕೆನ್ನೆಗೆ ಇಳಿದ ಹನಿಯನ್ನು ಕೂಡಲೇ ಒರೆಸಬೇಕು, ಚರ್ಮದಿಂದಲೂ ಅದು ರಕ್ತಕ್ಕೆ ಸೇರಿ ಬಿಪಿ ಏರಿಸುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಮೂರು ಹನಿಯ ನಂತರವೂ ಪಾಪೆ ಅರಳದಿದ್ದರೆ ನಾಲ್ಕನೆಯದನ್ನು ಹಾಕಲು ಹೋಗಬೇಡಿ. ವಿಇಜಿಎಫ್ ಹೆಚ್ಚಾಗಿ ಕಣ್ಣಿನ ಮುಂಭಾಗದ ನಾಳಗಳೂ ಊದಿಕೊಂಡಾಗ ಪಾಪೆ ಬಿಗಿಯಾಗುತ್ತದೆ. ಅರಳದ ಪಾಪೆ ಸ್ವತಃ ಒಂದು ಎಚ್ಚರಿಕೆ.

21ನೇ ದಿನ, ಗರ್ಭದಿಂದ ಎಣಿಸಿದರೆ 31 ವಾರ 4 ದಿನ: ನಾಳಗಳು ಎರಡನೇ ವಲಯದ (ನೇತ್ರನರದ ಸುತ್ತಲಿನದ್ದು ಒಂದನೇ ವಲಯ, ಅದರಾಚೆಗಿನ ಉಂಗುರ ಎರಡನೆಯದು) ಹಿಂಭಾಗದಲ್ಲೇ ನಿಂತಿವೆ, ಆಚೆಗೆ ಬೂದು ಬಣ್ಣದ ಖಾಲಿ ರೆಟಿನಾ. 35ನೇ ದಿನ: ನಾಳವಿರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವೆ ತೆಳುವಾದ ಬಿಳಿ ಗೆರೆ. 42ನೇ ದಿನ: ಗೆರೆ ಏರಿಯಾಗಿ ಎದ್ದಿದೆ, ಹಿಂಭಾಗದ ನಾಳಗಳು ಕೊಂಚ ದಪ್ಪ. ಇಂಥ ಹೊತ್ತಿನಲ್ಲಿ ‘ಮುಂದಿನ ಬುಧವಾರ ನೋಡೋಣ’ ಎನ್ನುವಂತಿಲ್ಲ. ನಾಲ್ಕು ದಿನ ಬಿಟ್ಟು ನೋಡಲಾಯಿತು. 46ನೇ ದಿನ, 35 ವಾರ 1 ದಿನ: ಏರಿಯ ಮೇಲೆ ಕೆಂಪು ಹುರಿಯಂತೆ ಹೊಸ ನಾಳಗಳು ಕಣ್ಣಿನೊಳಗಿನ ಲೋಳೆಯತ್ತ ಎದ್ದು ನಿಂತಿವೆ. ನೇತ್ರನರದ ಸುತ್ತಲಿನ ಅಭಿಧಮನಿಗಳು ಉಬ್ಬಿವೆ, ಅಪಧಮನಿಗಳು ಹಾವಿನಂತೆ ಹೊರಳಿವೆ. ತಜ್ಞರ ಭಾಷೆಯಲ್ಲಿ ಇದು ಮೂರನೇ ಹಂತ (ಗೆರೆ ಮೊದಲನೆಯದು, ಏರಿ ಎರಡನೆಯದು, ಹೊಸ ನಾಳ ಮೂರನೆಯದು), ಎರಡನೇ ವಲಯ, ಪ್ಲಸ್ (ನಾಳಗಳು ಹೀಗೆ ಉಬ್ಬಿ ಹೊರಳಿದ ಸ್ಥಿತಿ). ಇದಕ್ಕೆ 48ರಿಂದ 72 ಗಂಟೆಯೊಳಗೆ ಚಿಕಿತ್ಸೆ ಆಗಲೇಬೇಕು.

ಆದದ್ದೇನು? ಸುಮಾರು 32ನೇ ವಾರದ ನಂತರ ರೆಟಿನಾದ ಕೋಶಗಳು ಬಲಿಯುತ್ತವೆ, ಅವುಗಳ ಹಸಿವು ಏರುತ್ತದೆ. ನಾಳವಿಲ್ಲದ ಅಷ್ಟು ದೊಡ್ಡ ಬಯಲು ಒಮ್ಮೆಲೇ ಉಸಿರುಗಟ್ಟುತ್ತದೆ. ಎಚ್‌ಐಎಫ್ ಉಳಿಯುತ್ತದೆ, ವಿಇಜಿಎಫ್ ಉಕ್ಕುತ್ತದೆ. ಅಷ್ಟರಲ್ಲಿ ಮಗು ಚೇತರಿಸಿಕೊಂಡು ಐಜಿಎಫ್-1 ಕೂಡ ಏರಿರುತ್ತದೆ. ತಡೆದಿಟ್ಟಿದ್ದ ನೀರಿಗೆ ತೂಬು ತೆರೆದಂತೆ. ಸಂಕೇತದ ದಟ್ಟಣೆಯ ಇಳಿಜಾರು ಈಗ ಉಳಿದಿಲ್ಲ, ಎಲ್ಲೆಡೆ ತುಂಬಿದೆ. ತುದಿಗೂ ಹಿಂಬಾಲಕರಿಗೂ ವ್ಯತ್ಯಾಸ ಅಳಿಸಿ ನಾಳಗಳು ರೆಟಿನಾದ ಮೇಲೆ ಹಬ್ಬದೆ ಲೋಳೆಯೊಳಕ್ಕೆ ಪೊದೆಯಾಗಿ ಏಳುತ್ತವೆ. ಅವು ಸೋರುತ್ತವೆ, ನಾರಾಗುತ್ತವೆ, ನಾರು ಸೆಳೆದು ರೆಟಿನಾವನ್ನು ಕಿತ್ತು ತರುತ್ತದೆ.

ತಾಯಿ ಕೇಳಿದ ಪ್ರಶ್ನೆ ಎಲ್ಲ ತಾಯಂದಿರೂ ಕೇಳುವಂಥದ್ದೇ. “ಕಣ್ಣು ಪಿಳಿಪಿಳಿ ಬಿಡ್ತಾಳಲ್ಲ ಮೇಡಂ, ಲೈಟ್ ಹಾಕಿದ್ರೆ ಮುಖ ತಿರುಗಿಸ್ತಾಳೆ. ಇಷ್ಟು ಚಿಕ್ಕ ಕಣ್ಣಿಗೆ ಸೂಜಿ ಬೇಕೇಬೇಕಾ?” ಹೊರಗಿನಿಂದ ಏನೂ ಕಾಣುವುದಿಲ್ಲ. ಪಾಪೆ ಬೆಳ್ಳಗೆ ಕಂಡಾಗ ರೆಟಿನಾ ಆಗಲೇ ಕಿತ್ತುಬಂದಿರುತ್ತದೆ. ಈ ಮಾತನ್ನು ಮಗುವಿನ ರೆಟಿನಾದ ಚಿತ್ರ ತೋರಿಸುತ್ತಾ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ.

ಸಂಕೇತವನ್ನು ಹಿಡಿದುಹಾಕುವುದು

ಎರಡು ದಾರಿ. ಲೇಸರ್ ನಾಳವನ್ನು ಸುಡುವುದಿಲ್ಲ. ಕೂಗುತ್ತಿರುವ ಖಾಲಿ ರೆಟಿನಾವನ್ನೇ ಸುಟ್ಟು ವಿಇಜಿಎಫ್‌ನ ಮೂಲವನ್ನು ಬತ್ತಿಸುತ್ತದೆ. ಖಚಿತ, ಆದರೆ ಅಂಚಿನ ನೋಟ ಹೋಗುತ್ತದೆ, ಮಯೋಪಿಯಾ (ದೂರದ್ದು ಮಸುಕಾಗುವ ದೋಷ) ಹೆಚ್ಚು ಬರುತ್ತದೆ. ಇನ್ನೊಂದು, ವಿಇಜಿಎಫ್‌ಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯವನ್ನು ಕಣ್ಣೊಳಗೆ ಚುಚ್ಚುವುದು. 2011ರ ಬೀಟ್-ರಾಪ್ ಅಧ್ಯಯನದಲ್ಲಿ ಬೆವಾಸಿಝುಮ್ಯಾಬ್ 0.625 ಮಿಗ್ರಾಂ ಕೊಟ್ಟ ಕಣ್ಣುಗಳಲ್ಲಿ 4%, ಲೇಸರ್ ಆದವುಗಳಲ್ಲಿ 22% ಮರುಕಳಿಸಿತು. ಆದರೆ ಬೆಳೆಯುತ್ತಿರುವ ಮಗುವಿನ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಎಲ್ಲಕ್ಕೂ ವಿಇಜಿಎಫ್ ಬೇಕು. ಬೆವಾಸಿಝುಮ್ಯಾಬ್ ಪೂರ್ಣ ಪ್ರತಿಕಾಯ; ಕಣ್ಣಿನಿಂದ ರಕ್ತಕ್ಕೆ ಸೋರಿದ್ದು ವಾರಗಟ್ಟಲೆ ಉಳಿಯುತ್ತದೆ. ರಾನಿಬಿಝುಮ್ಯಾಬ್ ಅದರ ಒಂದು ತುಣುಕಿನಷ್ಟೇ, ರಕ್ತ ಸೇರಿದ್ದು ಬೇಗ ಹೊರಹೋಗುತ್ತದೆ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುವ ಈ ಮಗುವಿಗೆ ರಾನಿಬಿಝುಮ್ಯಾಬ್ ಆರಿಸಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ.

48ನೇ ದಿನ ಎರಡೂ ಕಣ್ಣಿಗೆ 0.2 ಮಿಗ್ರಾಂ, ಅಂದರೆ ಮಿಲಿಗೆ 10 ಮಿಗ್ರಾಂ ಇರುವ ಔಷಧದ 0.02 ಮಿಲಿ. ಇಷ್ಟು ಚಿಕ್ಕ ಪ್ರಮಾಣದಲ್ಲಿ ಸಾಮಾನ್ಯ 1 ಮಿಲಿ ಸಿರಿಂಜ್ ಮೋಸ ಮಾಡುತ್ತದೆ, ಸೂಜಿಯ ಬುಡದಲ್ಲಿ ಉಳಿಯುವ ಔಷಧವೇ ಅದಕ್ಕಿಂತ ಹೆಚ್ಚಿರಬಹುದು. ಸತ್ತ ಜಾಗ ಇಲ್ಲದ, 0.01 ಮಿಲಿ ಗೆರೆಯಿರುವ ಸಿರಿಂಜೇ ಬೇಕು. ಒಂದೊಂದು ಕಣ್ಣಿಗೆ ಬೇರೆ ಸೂಜಿ, ಬೇರೆ ಉಪಕರಣ. ಮರಗಟ್ಟಿಸಲು ಪ್ರೊಪರಕೈನ್ ಹನಿ, ಸೋಂಕು ತಡೆಯಲು ಪೊವಿಡೋನ್ ಅಯೋಡಿನ್ 5%. ದೊಡ್ಡವರಲ್ಲಿ ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಮೀ ಹಿಂದೆ ಚುಚ್ಚುತ್ತಾರೆ. ಶಿಶುವಿನಲ್ಲಿ 1ರಿಂದ 1.5 ಮಿಮೀ ಮಾತ್ರ, ಅದಕ್ಕಿಂತ ಹಿಂದೆ ಹೋದರೆ ಸೂಜಿ ರೆಟಿನಾವನ್ನೇ ತೂರುತ್ತದೆ. ಶಿಶುವಿನ ಮಸೂರ ಕಣ್ಣಿನ ಗಾತ್ರಕ್ಕೆ ದೊಡ್ಡದು. ಆದ್ದರಿಂದ ಸೂಜಿಯನ್ನು ನಡುವಿಗೆ ಓರೆ ಮಾಡದೆ ನೇತ್ರನರದ ದಿಕ್ಕಿಗೆ ನೆಟ್ಟಗೆ ಇಳಿಸಬೇಕು. ಓರೆಯಾದರೆ ಮಸೂರಕ್ಕೆ ತಾಗಿ ಪೊರೆ ಬರುತ್ತದೆ.

ಮಾರನೇ ದಿನ ಸೋಂಕಿಲ್ಲ. ಒಂದು ವಾರಕ್ಕೆ ಅಭಿಧಮನಿಗಳು ಇಳಿದಿದ್ದವು, ಹುರಿ ಮಾಸಿತ್ತು, ಪಾಪೆ ಸಲೀಸಾಗಿ ಅರಳಿತು. ಏರಿಯ ಮೇಲೆ ಬಿಳಿ ನಾರು ಹೆಚ್ಚಾದ ಮೇಲೆ ಇದೇ ಸೂಜಿ ಕೊಟ್ಟಿದ್ದರೆ ಫಲ ತಿರುಗುಮುರುಗಾಗುತ್ತಿತ್ತು. ನಾಳ ಮುದುಡುವಾಗ ನಾರು ಬಿಗಿದು ರೆಟಿನಾವನ್ನು ಎಳೆಯುತ್ತದೆ. ಎರಡೇ ವಾರ ತಡವಾದರೂ ಅದೇ ಔಷಧ ಅಪಾಯವಾಗುವುದು ಹೀಗೆ.

ಸೂಜಿಯ ನಂತರದ ಹತ್ತನೇ ವಾರದಲ್ಲಿ ಮರಳಿದ್ದು

ಸೂಜಿಯ ನಂತರ ಎಲ್ಲವೂ ಸರಿಹೋಯಿತೆಂದು ಮನೆಯವರಿಗೆ ಅನ್ನಿಸುತ್ತದೆ. ಹೆಚ್ಚು ಮಕ್ಕಳು ಕೈತಪ್ಪುವುದು ಇಲ್ಲೇ. ಲೇಸರ್ ಮೂಲವನ್ನೇ ಕಡಿಯುತ್ತದೆ. ಔಷಧ ಇರುವ ಸಂಕೇತವನ್ನು ಹಿಡಿದುಹಾಕುತ್ತದೆ ಅಷ್ಟೇ. ಔಷಧ ತೀರಿದ ಮೇಲೂ ಖಾಲಿ ಬಯಲು ಉಳಿದಿದ್ದರೆ ಮತ್ತೆ ವಿಇಜಿಎಫ್ ಹುಟ್ಟುತ್ತದೆ. ಊರಿಗೆ ಕಳಿಸುವ ಮುನ್ನ ಮುಂದಿನ ತಾರೀಖುಗಳನ್ನು ತಾಯಿ ಕಾರ್ಡಿನಲ್ಲೇ ಬರೆದು, ಆಶಾ ಕಾರ್ಯಕರ್ತೆಯ ಕೈಗೂ ಒಂದು ಪ್ರತಿ ಕೊಡಲಾಗಿತ್ತು.

ಮೊದಲ ಎಂಟು ವಾರ ನಾಳಗಳು ನೆಟ್ಟಗೆ ಮುಂದೆ ಹಬ್ಬಿದವು, ಎರಡನೇ ವಲಯದ ಮುಂಭಾಗ ಮುಟ್ಟಿದವು. 115ನೇ ದಿನ, ಗರ್ಭದಿಂದ ಎಣಿಸಿದರೆ 45 ವಾರಕ್ಕೆ, ಹಳೆಯ ಏರಿಗಿಂತ ಮುಂದೆ ಹೊಸದೊಂದು ಏರಿ, ನಾಳಗಳಲ್ಲಿ ಮತ್ತೆ ಉಬ್ಬು. ಈ ಸಲ ಲೇಸರ್. ಮೊದಲೇ ಸುಟ್ಟಿದ್ದರೆ ಹೋಗುತ್ತಿದ್ದ ರೆಟಿನಾದ ದೊಡ್ಡ ಪಾಲು ಈಗ ನಾಳ ತುಂಬಿ ಉಳಿದಿತ್ತು, ಸುಡಬೇಕಾದದ್ದು ಅಂಚಿನ ಪಟ್ಟಿ ಮಾತ್ರ. ಲೇಸರ್ ಗುರುತುಗಳ ನಡುವೆ ಅರ್ಧ ಗುರುತಿನಷ್ಟು ಜಾಗ ಬಿಟ್ಟು, ಬೂದು-ಬಿಳಿ ಬಣ್ಣ ಬರುವಷ್ಟೇ ಶಕ್ತಿಯಲ್ಲಿ, ಏರಿಯಿಂದ ಅಂಚಿನವರೆಗೆ ಎಲ್ಲೂ ತೇಪೆ ಬಿಡದಂತೆ. ಬಿಟ್ಟ ತೇಪೆ ಕೂಗುತ್ತಲೇ ಇರುತ್ತದೆ.

ಅದೇ ಎಣಿಕೆಯಲ್ಲಿ 52ನೇ ವಾರಕ್ಕೆ ಏರಿ ಇಲ್ಲ, ಲೋಳೆ ತಿಳಿ, ರೆಟಿನಾ ಚಪ್ಪಟೆಯಾಗಿ ಅಂಟಿಕೊಂಡಿದೆ. ಸರಿಪಡಿಸಿದ ವಯಸ್ಸು (ದಿನ ತುಂಬಿ ಹುಟ್ಟಬೇಕಿದ್ದ ದಿನದಿಂದ ಎಣಿಸಿದ್ದು) ಆರು ತಿಂಗಳಾದಾಗ ಎರಡೂ ಕಣ್ಣಿಗೆ ಮೈನಸ್ 3, ತಲೆಗೆ ಸುತ್ತಿ ಕಟ್ಟುವ ಎಲಾಸ್ಟಿಕ್ ಪಟ್ಟಿಯ ಕನ್ನಡಕ. ಮಗು ಅದನ್ನು ದಿನಕ್ಕೆ ಹತ್ತು ಸಲ ಕಿತ್ತೆಸೆಯುತ್ತದೆ, ತಾಯಿ ಹನ್ನೊಂದನೇ ಸಲ ಹಾಕುತ್ತಾರೆ. ಮುಂದಿನ ಪರೀಕ್ಷೆ ಒಂಬತ್ತನೇ ತಿಂಗಳಿಗೆ: ಪವರ್, ಮೆಳ್ಳಗಣ್ಣು, ಮತ್ತು ಪಾಪೆ ಅರಳಿಸಿ ಅಂಚಿನ ರೆಟಿನಾ.